ಕಿತ್ತೂರಿನ ಚನ್ನಮ್ಮ ರಾಣಿಯವರ ಜೀವಿತವೂ ನಾಯಕತ್ವವೂ

ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿ ಚನ್ನಮ್ಮ ರಾಣಿಯವರು ರಂಗಕ್ಕೆ ಬಾರದ ವರ್ಷವು ವಿರಳವೆಂದೇ ಹೇಳಬೇಕು. ಈ ಸಂಚಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಒಂದಿಲ್ಲೊಂದು ವರ್ಷ ವೀರಗಚ್ಚೆ ಹಾಕಿ, ಬೇಗಡೆ ಹಚ್ಚಿದ ರಟ್ಟಿನ ಖಡ್ಗವನ್ನು ಹಿಡಿದು, ಕಂಪನಿ ಸರಕಾರದ ಸಾಹೇಬನನ್ನು ಗದರಿಸಿದವರೇ ಆಗಿರುವರು. ಅಂಥ ಒಂದು ನಾಟಕವು ಮುಗಿದ ಮರುದಿನ ಬೈಲಹೊಂಗಲದ ಕಡೆಯ ಒಬ್ಬ ಚಿಕ್ಕ ಹುಡುಗಿಯು ನನ್ನ ಬಳಿಗೆ ಬಂದು, "ಅಕ್ಕೋರ, ಕಡೀಕ ರಾಣಿ ಸೋತ್ರಲ್ರಿ? ಸೋತವ್ರಿಗೆ ಹಬ್ಬ ಯಾಕ ಮಾಡ್ತಾರ್ರಿ?" ಎಂದು ಕೇಳಿದಳು. ಆ ಕ್ಷಣದಲ್ಲಿ ನಾನು ಏನೋ ಒಂದು ಉತ್ತರ ಕೊಟ್ಟೆನು; ಆದರೆ ಅದು ನನಗೇ ಸಮಾಧಾನವನ್ನುಂಟುಮಾಡಲಿಲ್ಲ. ಆ ಹುಡುಗಿಯ ಪ್ರಶ್ನೆಗೆ ತಕ್ಕ ಉತ್ತರವನ್ನು ಹುಡುಕುವ ನಿಮಿತ್ತವಾಗಿಯೇ ಈ ಲೇಖವನ್ನು ಬರೆದಿರುತ್ತೇನೆ.

ಮೊದಲು ಕಿತ್ತೂರು ಸಂಸ್ಥಾನದ ವಿಷಯವನ್ನು ಸ್ವಲ್ಪದರಲ್ಲಿ ತಿಳಿದುಕೊಳ್ಳುವದು ಅವಶ್ಯವಾಗಿದೆ. ಮಲೆನಾಡಿನ ಸಾಗರದ ಕಡೆಯಿಂದ ಬಂದ ಹಿರೇಮಲ್ಲಶೆಟ್ಟಿ ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ವಿಜಾಪುರದ ಆದಿಲಶಾಹಿ ಸೈನ್ಯದಲ್ಲಿ ಸೇವೆ ಮಾಡಿ, ೧೫೮೫ರ ಸುಮಾರಿಗೆ ಈ ಭಾಗದ ದೇಸಗತಿಯನ್ನು ಸಂಪಾದಿಸಿದರು. ಅವರ ಮೊದಲನೆಯ ಠಾಣ್ಯವು ಈಗಿನ ಬೈಲಹೊಂಗಲ ತಾಲೂಕಿನ ಸಂಪಗಾವಿಯಲ್ಲಿದ್ದಿತು. ಮುಂದೆ ೧೭ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಪ್ಪಗೌಡ ದೇಸಾಯಿಯವರು ಕಿತ್ತೂರಿನಲ್ಲಿ ಕೋಟೆಯನ್ನೂ ಅರಮನೆಯನ್ನೂ ಕಟ್ಟಿಸಿ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದರು. ಧಾರವಾಡ ಬೆಳಗಾವಿಗಳ ನಡುವಿನ ದಾರಿಯಲ್ಲಿರುವ ಈ ಊರು ಮಲೆನಾಡಿನ ಸೆರಗಿಗೂ ಬಯಲುಸೀಮೆಯ ಎರೆಯ ಹೊಲಗಳಿಗೂ ಸಂಧಿಸ್ಥಾನವಾಗಿದೆ. ಇಂಥ ಸ್ಥಳದಲ್ಲಿ ಆಳುವವರಿಗೆ ಬಲಿಷ್ಠರಾದ ನೆರೆಯವರ ಕಾಟವು ತಪ್ಪಿದ್ದಲ್ಲ. ವಿಜಾಪುರದವರು ಹೋದ ಮೇಲೆ ಪೇಶವೆಯವರು, ಅವರೊಡನೆ ಮೈಸೂರಿನ ಹೈದರ ಟೀಪುಗಳು, ಕಟ್ಟಕಡೆಗೆ ಇಂಗ್ಲಿಷ ಕಂಪನಿಯವರು, ಹೀಗೆ ಒಬ್ಬರಾದ ಮೇಲೊಬ್ಬರು ಕಿತ್ತೂರಿನಿಂದ ಕಪ್ಪವನ್ನು ಕೇಳಿದರು. ಚಿಕ್ಕ ಸಂಸ್ಥಾನವು ಬಾಗಬೇಕಾದಲ್ಲಿ ಬಾಗಿ, ನಿಲ್ಲಬೇಕಾದಲ್ಲಿ ನಿಂತು ತನ್ನ ಅಸ್ತಿತ್ವವನ್ನು ಕಾಯ್ದುಕೊಂಡು ಬಂದಿತು.

ಚನ್ನಮ್ಮನವರು ಬೆಳಗಾವಿಯ ಉತ್ತರಕ್ಕಿರುವ ಕಾಕತಿಯ ದೇಸಾಯರ ಮನೆಯಲ್ಲಿ ೧೭೭೮ರಲ್ಲಿ ಹುಟ್ಟಿದರು. ತಂದೆಯವರ ಹೆಸರು ಧೂಳಪ್ಪಗೌಡರು. ಕುದುರೆಯ ಸವಾರಿ, ಬಿಲ್ವಿದ್ಯೆ, ಖಡ್ಗವಿದ್ಯೆಗಳನ್ನು ಅವರು ಬಾಲ್ಯದಲ್ಲಿಯೇ ಕಲಿತರೆಂದು ಪ್ರಸಿದ್ಧವಾಗಿದೆ. ಕಿತ್ತೂರಿನ ಅರಸರಾದ ಮಲ್ಲಸರ್ಜ ದೇಸಾಯರೊಡನೆ ಅವರ ಲಗ್ನವಾಯಿತು. ಮಲ್ಲಸರ್ಜರಿಗೆ ರುದ್ರಮ್ಮನವರೆಂಬ ಹಿರಿಯ ಪತ್ನಿಯು ಇದ್ದರು.

ಗಂಡನ ಮನೆಗೆ ಬಂದ ಚನ್ನಮ್ಮನವರು ಅಲ್ಲಿ ಕಂಡದ್ದು ಸುಖದ ಸಂಸಾರವನ್ನಷ್ಟೇ ಅಲ್ಲ. ಮಲ್ಲಸರ್ಜರು ತಾರುಣ್ಯದಲ್ಲಿಯೇ ಟೀಪು ಸುಲ್ತಾನನಿಗೆ ಸೆರೆ ಸಿಕ್ಕು, ಕಬ್ಬಾಳದುರ್ಗದಲ್ಲಿದ್ದು, ಅಲ್ಲಿಂದ ಉಪಾಯವಾಗಿ ತಪ್ಪಿಸಿಕೊಂಡು ಬಂದವರು. ಮುಂದೆ ಎರಡನೆಯ ಬಾಜೀರಾವ ಪೇಶವೆಯು ಅವರನ್ನು ಪುಣೆಯಲ್ಲಿ ಸೆರೆಯಿಟ್ಟನು. ಆ ಸೆರೆವಾಸದಲ್ಲಿ ಅವರ ಶರೀರವು ಕೆಟ್ಟು, ೧೮೧೬ರಲ್ಲಿ ಅವರು ಮೃತ್ಯುವಶರಾದರು. ಪತಿಯು ಪರಸ್ಥಳದಲ್ಲಿ ಬಂದಿಯಾಗಿರುವಾಗ ಮನೆಯನ್ನೂ ಸಂಸ್ಥಾನವನ್ನೂ ಸಂಬಾಳಿಸುವದೆಂದರೆ ಏನೆಂಬದನ್ನು ರಾಣಿಯವರು ಹೀಗೆ ಅನುಭವದಿಂದಲೇ ಕಲಿತರು. ನಾವು ಅವರ ಖಡ್ಗವಿದ್ಯೆಯನ್ನು ವರ್ಣಿಸುವಾಗ ಈ ದೀರ್ಘವಾದ ಶಿಕ್ಷಣವನ್ನು ಮರೆಯುತ್ತೇವೆ. ೧೮೨೪ರಲ್ಲಿ ಕಷ್ಟವು ಒದಗಿದಾಗ ಅವರ ವಯಸ್ಸು ೪೬ ವರ್ಷ. ಅವರು ಮೂರು ರಾಜ್ಯಸತ್ತೆಗಳ ಏಳುಬೀಳುಗಳನ್ನು ಕಣ್ಣಾರೆ ಕಂಡ ಪ್ರೌಢ ವಿಧವೆಯಾಗಿದ್ದರು.

ಮಲ್ಲಸರ್ಜರ ತರುವಾಯ ರುದ್ರಮ್ಮನವರ ಮಗನಾದ ಶಿವಲಿಂಗರುದ್ರಸರ್ಜರು ಪಟ್ಟಕ್ಕೆ ಬಂದರು. ೧೮೧೮ರಲ್ಲಿ ಪೇಶವೆಯ ರಾಜ್ಯವು ಮುರಿದು ಬೀಳುವ ಕಾಲಕ್ಕೆ ಕಿತ್ತೂರಿನವರು ಜನರಲ್ ಮನ್ರೋ ಸಾಹೇಬರಿಗೆ ಬೆಳಗಾವಿಯ ಕೋಟೆಯ ಮುತ್ತಿಗೆಯಲ್ಲಿ ಸಹಾಯ ಮಾಡಿದರು. ಅದಕ್ಕೆ ಪ್ರತಿಯಾಗಿ ಕಂಪನಿಯು ಅವರ ಸಂಸ್ಥಾನವನ್ನು ಅವರಿಗೇ ಖಾಯಂ ಮಾಡಿತು; ಅವರು ವರ್ಷವರ್ಷವೂ ಕಪ್ಪವನ್ನು ಕೊಡಲು ಒಪ್ಪಿದರು. ಈ ಮಾತನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಯಾಕಂದರೆ ರಾಣಿಯವರು ಕಪ್ಪವನ್ನು ಕೊಡಲಾರೆವೆಂದು ಗರ್ಜಿಸಿದ ಸಂಗತಿಯೇ ನಾಟಕಗಳಿಂದಲೂ ೧೯೬೧ರ ಪ್ರಸಿದ್ಧ ಚಲಚ್ಚಿತ್ರದಿಂದಲೂ ಮನೆಮನೆಯ ಮಾತಾಗಿದೆ. ರಂಗದ ಮೇಲೆ ಅದು ಶೋಭಿಸುವದು ನಿಜ. ಆದರೆ ಚರಿತ್ರೆಯಲ್ಲಿ ಕಲಹವು ಹುಟ್ಟಿದ್ದು ಬೇರೊಂದು ಪ್ರಶ್ನೆಯಿಂದ. ಅದು ದತ್ತಕದ ಪ್ರಶ್ನೆ.

ಶಿವಲಿಂಗರುದ್ರಸರ್ಜರಿಗೆ ಮಕ್ಕಳಿರಲಿಲ್ಲ. ರೋಗವು ಬಲಿಯುತ್ತಿರಲು ಅವರು ಮಾಸ್ತಮರಡಿಯ ಗೌಡರ ಮನೆತನದ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡು, ೧೮೨೪ನೆಯ ಸಪ್ಟಂಬರದಲ್ಲಿ ತೀರಿಕೊಂಡರು. ಆ ಕಾಲಕ್ಕೆ ಧಾರವಾಡದಲ್ಲಿ ಸೇಂಟ್ ಜಾನ್ ಥ್ಯಾಕರೆ ಎಂಬವರು ಕಲೆಕ್ಟರರೂ ಪೊಲಿಟಿಕಲ್ ಏಜೆಂಟರೂ ಆಗಿದ್ದರು. ಇಂಗ್ಲಿಷ ಕಾದಂಬರಿಕಾರರಾದ ವಿಲಿಯಮ್ ಥ್ಯಾಕರೆಯವರಿಗೆ ಇವರು ಚಿಕ್ಕಪ್ಪನವರು. ದತ್ತಕದ ಪತ್ರವು ತಮ್ಮ ಕೈಗೆ ಬರುವಷ್ಟರಲ್ಲಿ ದೇಸಾಯರು ತೀರಿದ್ದರೆಂತಲೂ, ಅದರ ಮೇಲಿನ ಸಹಿಯು ಸಂಶಯಾಸ್ಪದವೆಂತಲೂ ಹೇಳಿ ಅವರು ದತ್ತಕವನ್ನು ಮಾನ್ಯಮಾಡಲಿಲ್ಲ. ಮುಂಬಯಿಯ ಗವರ್ನರರಾದ ಎಲ್ಫಿನ್‌ಸ್ಟನ್ ಸಾಹೇಬರಿಗೆ ವರದಿಯನ್ನು ಕಳಿಸಿ, ತಾವೇ ಕಿತ್ತೂರಿಗೆ ಬಂದು ಖಜಾನೆಗೆ ಮೊಹರು ಹಾಕಿಸಿ, ಕಾರಭಾರವನ್ನು ನಡೆಯಿಸಲಿಕ್ಕೆ ಮಲ್ಲಪ್ಪಶೆಟ್ಟಿ, ವೆಂಕಟರಾವ ಎಂಬಿಬ್ಬರನ್ನು ನಿಯಮಿಸಿದರು.

ದತ್ತಕದ ಮಹತ್ವವೇನೆಂಬದು ಈಗಿನ ಹುಡುಗಿಯರಿಗೆ ಥಟ್ಟನೆ ತಿಳಿಯಲಾರದು. ಗಂಡುಸಂತಾನವಿಲ್ಲದ ಮನೆಯವರು ಹುಡುಗನೊಬ್ಬನನ್ನು ವಿಧಿಪೂರ್ವಕ ಉಡಿಯಲ್ಲಿ ಹಾಕಿಕೊಂಡರೆ ಅವನು ಹೊಟ್ಟೆಯಲ್ಲಿ ಹುಟ್ಟಿದ ಮಗನಂತೆಯೇ ಹಕ್ಕುದಾರನಾಗುವನು. ಇದು ಈ ನಾಡಿನ ಪರಂಪರೆಯ ಧರ್ಮವಾಗಿದ್ದಿತು. ಅರಸುಮನೆತನದ ಮಟ್ಟಿಗೆ ಈ ಹಕ್ಕು ಇಲ್ಲವೆಂದರೆ ಆ ಮನೆತನವನ್ನು ನಂಬಿದ ಶಿಲೇದಾರರ, ಶೇತಸನದಿಗಳ, ಮಠಮಾನ್ಯಗಳ, ಇನಾಮದಾರರ ಜೀವನವೆಲ್ಲ ಒಂದೇ ಏಟಿಗೆ ಅಲ್ಲಾಡುವದು. ವಾರಸುದಾರನಿಲ್ಲವೆಂಬ ನೆಪದಿಂದ ಸಂಸ್ಥಾನಗಳನ್ನು ನುಂಗುವ ಪದ್ಧತಿಯನ್ನು ನಾವು ಡಾಲ್‌ಹೌಸಿಯ ಹೆಸರಿನೊಡನೆ ಜೋಡಿಸಿ ಓದುತ್ತೇವೆ. ಅವನ ಕಾಲದಲ್ಲಿ ಸಾತಾರೆಯು ೧೮೪೮ರಲ್ಲಿಯೂ ಝಾಂಶಿಯು ೧೮೫೪ರಲ್ಲಿಯೂ ಕಂಪನಿಯ ಪಾಲಾದವು. ಕಿತ್ತೂರಿನಲ್ಲಿ ಅದೇ ಪ್ರಶ್ನೆಯು ಸಾತಾರೆಗಿಂತ ೨೪ ವರ್ಷ ಮೊದಲೇ ಎದ್ದಿತ್ತು. ಅದನ್ನು ಎದುರಿಸುವ ಭಾರವು ಒಬ್ಬ ವಿಧವೆಯ ಮೇಲೆ ಬಿದ್ದಿತ್ತು.

ಈಗ ರಾಣಿಯವರು ಏನು ಮಾಡಿದರೆಂಬದನ್ನು ಕ್ರಮವಾಗಿ ನೋಡೋಣ. ಅವರ ನಾಯಕತ್ವವು ಈ ಕ್ರಮದಲ್ಲಿಯೇ ವ್ಯಕ್ತವಾಗುವದು.

ಮೊದಲನೆಯದಾಗಿ, ಅವರು ಆಲೋಚನೆಯನ್ನು ಒಬ್ಬರೇ ಮಾಡಲಿಲ್ಲ. ಸರದಾರ ಗುರುಸಿದ್ದಪ್ಪನವರೇ ಮೊದಲಾದ ಹಿರಿಯರನ್ನು ಜೊತೆಗಿಟ್ಟುಕೊಂಡು ನಡೆದರು. ಎರಡನೆಯದಾಗಿ, ಖಡ್ಗಕ್ಕಿಂತ ಮೊದಲು ಅವರು ಲೇಖಣಿಯನ್ನು ಹಿಡಿಸಿದರು. ದತ್ತಕವನ್ನು ಮಾನ್ಯಮಾಡಬೇಕೆಂದು ದಖ್ಖನದ ಕಮಿಶನರರಾದ ಚಾಪ್ಲಿನ್ ಸಾಹೇಬರಿಗೂ ಮುಂಬಯಿಯ ಗವರ್ನರರಿಗೂ ಪತ್ರಗಳು ಹೋದವು. ನ್ಯಾಯವು ಧಾರವಾಡದಲ್ಲಿ ಸಿಗದಿದ್ದರೆ ಪುಣೆಯಲ್ಲಿ, ಪುಣೆಯಲ್ಲಿ ಸಿಗದಿದ್ದರೆ ಮುಂಬಯಿಯಲ್ಲಿ ಕೇಳಬೇಕೆಂಬ ವಿಚಾರವು ಅವರಿಗಿದ್ದಿತು. ಮೂರನೆಯದಾಗಿ, ಪತ್ರಗಳ ಫಲವನ್ನೇ ನಂಬಿ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಕೊಲ್ಹಾಪುರದ ಕಡೆಗೆ ಸಹಾಯವನ್ನು ಬೇಡಿದರು. ಕೋಟೆಯಲ್ಲಿ ಜನರನ್ನು ಕೂಡಿಸಿದರು.

ಅಕ್ಟೋಬರ ತಿಂಗಳಲ್ಲಿ ಥ್ಯಾಕರೆಯವರು ಕುದುರೆಯ ತೋಪಖಾನೆಯ ತುಕಡಿಯೊಡನೆ ಕಿತ್ತೂರಿನಲ್ಲಿ ಬೀಡುಬಿಟ್ಟಿದ್ದರು. ತಾ. ೨೩ರಂದು ಕೋಟೆಯ ಬಾಗಿಲನ್ನು ತೆರೆಯದಿದ್ದರೆ ತೋಪು ಹಾರಿಸಿ ಒಡೆಯುವೆವೆಂಬ ಬೆದರಿಕೆಯಾಯಿತು. ಬಾಗಿಲು ತೆರೆಯಿತು, ಆದರೆ ಒಳಗಿನಿಂದ ಕಿತ್ತೂರಿನ ದಂಡೇ ಹೊರಬಿದ್ದಿತು. ಸ್ವಲ್ಪ ಸಮಯದಲ್ಲಿಯೇ ಕ್ಯಾಪ್ಟನ್ ಬ್ಲ್ಯಾಕ್ ಮತ್ತು ಇನ್ನಿಬ್ಬರು ಅಧಿಕಾರಿಗಳು ಬಿದ್ದರು. ಥ್ಯಾಕರೆಯವರೂ ಮಡಿದರು; ಅವರನ್ನು ಗುಂಡಿಕ್ಕಿ ಕೆಡವಿದವನು ಅಮಟೂರ ಬಾಳಪ್ಪನೆಂದು ಜನರು ಈಗಲೂ ಅಭಿಮಾನದಿಂದ ಹೇಳುತ್ತಾರೆ. ಪ್ರತಿ ವರ್ಷ ಅಕ್ಟೋಬರ ೨೩ರಿಂದ ಕಿತ್ತೂರಿನಲ್ಲಿ ಜರುಗುವ ಉತ್ಸವವು ಈ ದಿನದ ಸ್ಮರಣೆಗಾಗಿಯೇ ಇರುತ್ತದೆ.

ಆ ದಿನ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಇಂಗ್ಲಿಷರು ಕಿತ್ತೂರಿನವರ ಕೈಗೆ ಜೀವಂತ ಸಿಕ್ಕರು. ಜಯದ ಸೊಕ್ಕಿನಲ್ಲಿ ಸೆರೆಯಾಳುಗಳ ಗತಿಯು ಏನಾಗುವದೆಂಬದನ್ನು ಎಲ್ಲ ದೇಶಗಳ ಚರಿತ್ರೆಯೂ ಹೇಳುತ್ತದೆ. ಕಿತ್ತೂರಿನಲ್ಲಿ ಹಾಗಾಗಲಿಲ್ಲ. ಸುಮಾರು ಆರು ವಾರ ಅವರನ್ನು ಕೋಟೆಯಲ್ಲಿ ಸುರಕ್ಷಿತವಾಗಿ ಇಡಲಾಯಿತು. ಅವರನ್ನು ಇಟ್ಟುಕೊಂಡದ್ದರಲ್ಲಿ ರಾಜಕಾರಣವೂ ಇದ್ದಿತು, ಸಂಧಾನಕ್ಕೆ ಅವರು ಒಂದು ಆಧಾರವಾಗಿದ್ದರು. ಇದನ್ನು ಮುಚ್ಚಿಡುವ ಕಾರಣವಿಲ್ಲ. ಆದರೆ ಅವರ ಮೈಗೆ ಕೇಡು ತಟ್ಟಲಿಲ್ಲವೆಂಬದು ಅಷ್ಟೇ ನಿಜ. ಎಲಿಯಟ್ಟರಿಗೆ ಆಗ ವಯಸ್ಸು ೨೧. ಅವರು ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಪ್ರಸಿದ್ಧರಾಗಿ, ಈ ಸೀಮೆಯ ಊರೂರಿನ ಕನ್ನಡ ಶಿಲಾಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿಮಾಡಿಸಿದರು. ಚಾಲುಕ್ಯ ಮೊದಲಾದ ನಮ್ಮ ಪ್ರಾಚೀನ ರಾಜವಂಶಗಳ ಚರಿತ್ರೆಯನ್ನು ಶಾಸನಗಳ ಆಧಾರದಿಂದ ಬರೆಯಲು ಮೊದಲು ಯತ್ನಿಸಿದವರಲ್ಲಿ ಅವರೊಬ್ಬರು. ಕಿತ್ತೂರಿನ ಕೋಟೆಯಲ್ಲಿ ಒಂದು ಕೋಪದ ಗಳಿಗೆಯಲ್ಲಿ ಅವರ ಪ್ರಾಣವು ಹೋಗಿದ್ದರೆ ಕನ್ನಡನಾಡಿನ ಚರಿತ್ರೆಯ ಅಭ್ಯಾಸಕ್ಕೇ ಹಾನಿಯಾಗುತ್ತಿತ್ತು. ರಾಣಿಯವರಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ತಮ್ಮ ಕೈಗೆ ಸಿಕ್ಕವರನ್ನು ಹೇಗೆ ನಡೆಸಿಕೊಳ್ಳಬೇಕೆಂಬದಷ್ಟೇ ಅವರಿಗೆ ತಿಳಿದಿದ್ದಿತು.

ಇತ್ತ ಕಂಪನಿಯು ನಾಲ್ಕೂ ಕಡೆಯಿಂದ ದಂಡನ್ನು ಕೂಡಿಸಿತು. ಬಂದಿಗಳನ್ನು ಬಿಟ್ಟುಕೊಟ್ಟರೆ ಕ್ಷಮೆ ದೊರೆಯುವದೆಂದು ಚಾಪ್ಲಿನ್ ಸಾಹೇಬರು ಸಾರಿದರು. ಡಿಸೆಂಬರ ೨ರಂದು ಎಲಿಯಟ್ ಮತ್ತು ಸ್ಟೀವನ್‌ಸನ್ ಬಿಡುಗಡೆ ಹೊಂದಿದರು. ಆದರೆ ಕೋಟೆಯನ್ನೇ ಒಪ್ಪಿಸಬೇಕೆಂಬ ಬೇಡಿಕೆಯು ನಿಲ್ಲಲಿಲ್ಲ. ಕೂಡಲೇ ಯುದ್ಧವು ಪ್ರಾರಂಭವಾಯಿತು. ಈ ಕಾಳಗದಲ್ಲಿ ಸೊಲ್ಲಾಪುರದ ಸಬ್‌ಕಲೆಕ್ಟರರಾದ ಮನ್ರೋ ಎಂಬವರು ಗಾಯಗೊಂಡು ಮಡಿದರು. ಇವರು ಮೇಲೆ ಹೇಳಿದ ಜನರಲ್ ಮನ್ರೋರವರ ಸಂಬಂಧಿಕರು. ಕಿತ್ತೂರಿನವರ ಮದ್ದಿನಲ್ಲಿ ಸ್ವಜನದ್ರೋಹಿಗಳು ಸಗಣಿಯನ್ನೂ ಕಾಳನ್ನೂ ಬೆರೆಸಿದ್ದರಿಂದ ತೋಪುಗಳು ಹಾರಲಿಲ್ಲವೆಂದು ಜನರ ಬಾಯಲ್ಲಿ ಕತೆಯಿದೆ. ಅದು ಹೇಗೇ ಇರಲಿ, ದೊಡ್ಡ ತೋಪುಗಳ ಮುಂದೆ ಹಳೆಯ ಕಾಲದ ಕೋಟೆಯ ಗೋಡೆಯು ಬಹಳ ದಿನ ನಿಲ್ಲುವಂತಿರಲಿಲ್ಲ. ಡಿಸೆಂಬರ ೫ರಂದು ಕೋಟೆಯು ವೈರಿಗಳ ವಶವಾಯಿತು.

ರಾಣಿಯವರನ್ನೂ ಅವರ ಸೊಸೆಯಾದ ವೀರವ್ವನವರನ್ನೂ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಮುಂದಿನ ನಾಲ್ಕು ವರ್ಷಗಳನ್ನು ಕುರಿತು ನಾಟಕಕಾರರು ಹೆಚ್ಚಾಗಿ ಬರೆಯುವದಿಲ್ಲ. ಅಲ್ಲಿ ಕುದುರೆಯೂ ಇಲ್ಲ, ಖಡ್ಗವೂ ಇಲ್ಲ. ಆದರೆ ರಾಣಿಯವರ ಜೀವಿತದ ಅತ್ಯಂತ ಕಠಿಣವಾದ ಭಾಗವು ಅದೇ ಎಂದು ನನ್ನ ಭಾವನೆ. ತಾವು ಆಳಿದ ನಾಡಿನಲ್ಲಿಯೇ, ತಮ್ಮ ಜನರ ನಡುವೆಯೇ, ಕಾವಲಿನಲ್ಲಿ ದಿನಗಳನ್ನು ನೂಕಿ, ೧೮೨೯ನೆಯ ಫೆಬ್ರುವರಿ ೨ರಂದು ಅವರು ಬೈಲಹೊಂಗಲದಲ್ಲಿ ದೇಹವಿಟ್ಟರು. ಅವರ ಸಮಾಧಿಯು ಆ ಊರಲ್ಲಿಯೇ ಇರುತ್ತದೆ.

ಅವರು ತೀರಿದ ಮೇಲೆ ಏನಾಯಿತೆಂಬದನ್ನು ನೋಡಿದರೆ ಅವರ ನಾಯಕತ್ವದ ಅಳತೆಯು ನಮಗೆ ತಿಳಿಯುವದು. ಅರಸನಿಲ್ಲ, ಖಜಾನೆಯಿಲ್ಲ, ಕೋಟೆಯಿಲ್ಲ. ಆದರೂ ಅದೇ ವರ್ಷ ಸಂಗೊಳ್ಳಿಯ ರಾಯಣ್ಣನು ದತ್ತಕಪುತ್ರನಾದ ಶಿವಲಿಂಗಪ್ಪನನ್ನು ಪಟ್ಟಕ್ಕೆ ತರಬೇಕೆಂದು ಎದ್ದು ನಿಂತನು. ರಾಯಣ್ಣನೊಡನೆ ಸೇರಿದವರು ಬಹುತರ ಹಳ್ಳಿಯ ರೈತರು, ಕಾವಲುಗಾರರು, ಭೂಮಿ ಕಳೆದುಕೊಂಡ ಓಲೇಕಾರರು. ಕಂಪನಿಯ ಕಚೇರಿಗಳನ್ನು ಸುಡುತ್ತ, ಅಡವಿಯಲ್ಲಿ ಅಡಗುತ್ತ ಅವನು ತಿಂಗಳುಗಟ್ಟಲೆ ಹೋರಾಡಿದನು. ನಂಬಿದವರೇ ಹಿಡಿದುಕೊಟ್ಟದ್ದರಿಂದ ಸೆರೆಸಿಕ್ಕು, ೧೮೩೧ನೆಯ ಜನೇವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿದನು. ಅವನ ಲಾವಣಿಗಳು ಸವದತ್ತಿಯ ಜಾತ್ರೆಗೆ ಹೋಗುವ ಬಂಡಿಗಳೊಡನೆ, ಗೀಗೀ ಮೇಳಗಳೊಡನೆ ಊರೂರಿಗೆ ಹರಡಿದವು. ತನ್ನನ್ನು ಆಳುವವಳು ತನಗಾಗಿ ನಿಂತಳೆಂಬ ನಂಬಿಗೆಯಿಲ್ಲದಿದ್ದರೆ, ರೈತನು ಸತ್ತ ರಾಣಿಯ ಪಕ್ಷಕ್ಕಾಗಿ ಪ್ರಾಣ ಕೊಡುವದು ಹೇಗೆ ಸಾಧ್ಯ?

ದತ್ತಕದ ಪ್ರಶ್ನೆಯೂ ಅಲ್ಲಿಗೆ ಮುಗಿಯಲಿಲ್ಲ. ನರಗುಂದದ ಅರಸರಾದ ಭಾಸ್ಕರರಾವ ಬಾಬಾಸಾಹೇಬರಿಗೂ ದತ್ತಕದ ಅನುಮತಿಯನ್ನು ಇಂಗ್ಲಿಷರು ನಿರಾಕರಿಸಿದರು. ಇವರು ರಾಮದುರ್ಗದ ಅರಸುಮನೆತನಕ್ಕೆ ಹತ್ತಿರದ ದಾಯಾದಿಗಳು. ೧೮೫೮ನೆಯ ಮೇ ತಿಂಗಳಲ್ಲಿ ಅವರು ಬಂಡೆದ್ದರು. ರಾಮದುರ್ಗದ ಬಳಿಯ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟರಾದ ಮ್ಯಾನ್ಸನ್ ಸಾಹೇಬರು ಅವರ ಕಡೆಯವರಿಂದ ಹತರಾದರು. ಮರು ತಿಂಗಳಲ್ಲಿಯೇ ಬಾಬಾಸಾಹೇಬರಿಗೆ ಬೆಳಗಾವಿಯಲ್ಲಿ ಫಾಶಿಯಾಯಿತು. ಕಿತ್ತೂರಿನಲ್ಲಿ ರಾಣಿಯವರ ಪತ್ರಗಳಿಗೆ ನ್ಯಾಯವಾದ ಉತ್ತರವು ಸಿಕ್ಕಿದ್ದರೆ, ಮುಂದಿನ ಈ ರಕ್ತಪಾತಗಳಲ್ಲಿ ಕೆಲವಾದರೂ ತಪ್ಪುತ್ತಿದ್ದವೋ ಏನೋ.

ಇದೇ ಸೀಮೆಯ ಇನ್ನೊಂದು ದತ್ತಕದ ಕತೆಯನ್ನು ಹೇಳದೆ ಈ ಲೇಖವನ್ನು ಮುಗಿಸಲಾರೆನು. ಸವದತ್ತಿ ತಾಲೂಕಿನ ಶಿರಸಂಗಿಯ ದೇಸಗತಿಗೆ ದತ್ತಕಪುತ್ರರಾಗಿ ಬಂದವರು ಲಿಂಗರಾಜ ದೇಸಾಯರು. ಅವರು ೧೮೬೧ರಲ್ಲಿ ಹುಟ್ಟಿ ೧೯೦೬ರಲ್ಲಿ ತೀರಿಕೊಂಡರು. ತಮ್ಮ ಬಳಿಕ ವಾರಸುದಾರರಿಲ್ಲದಿರಲು ಅವರು ತಮ್ಮ ಸಂಸ್ಥಾನದ ಸೊತ್ತನ್ನು ಹುಡುಗರ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದಿಂದ ಕೊಟ್ಟುಹೋದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಮನೆತನವು ಮುಂದೆ ಉಳಿಯಬೇಕೆಂಬ ಇಚ್ಛೆಯು ಕಿತ್ತೂರಿನಲ್ಲಿ ಯುದ್ಧಕ್ಕೆ ಕಾರಣವಾಯಿತು. ಶಿರಸಂಗಿಯಲ್ಲಿ ಅದು ಶಾಲೆಯ ಮಕ್ಕಳ ಊಟವಸತಿಗಳ ರೂಪವನ್ನು ತಾಳಿತು. ಎರಡೂ ಕಡೆಯಲ್ಲಿ ಆಳುವವರು ತಮ್ಮ ಜನರ ಮುಂದಿನ ದಿನಗಳ ಚಿಂತೆಯನ್ನು ಹೊತ್ತಿದ್ದರು.

ಇಂದು ಕಿತ್ತೂರಿಗೆ ಹೋದವರು ಮುರಿದು ಬಿದ್ದ ಅರಮನೆಯನ್ನೂ, ಧ್ರುವನಕ್ಷತ್ರವನ್ನು ನೋಡಲಿಕ್ಕೆ ಗೋಡೆಯಲ್ಲಿಟ್ಟ ಕಿಂಡಿಯನ್ನೂ, ಕೋಟೆಯೊಳಗಿನ ವಸ್ತುಸಂಗ್ರಹಾಲಯವನ್ನೂ ನೋಡಬಹುದು. ೧೯೭೭ರಲ್ಲಿ ಭಾರತ ಸರಕಾರವು ರಾಣಿಯವರ ಅಂಚೆಚೀಟಿಯನ್ನು ಹೊರಡಿಸಿತು. ೨೦೦೭ರಲ್ಲಿ ದೆಹಲಿಯ ಸಂಸತ್ತಿನ ಆವರಣದಲ್ಲಿ ಅವರ ಪ್ರತಿಮೆಯನ್ನು ರಾಷ್ಟ್ರಪತಿಗಳಾದ ಪ್ರತಿಭಾ ಪಾಟೀಲರವರು ಅನಾವರಣ ಮಾಡಿದರು. ೨೦೧೦ರಲ್ಲಿ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಟ್ಟರು. ಕಿತ್ತೂರಿನಲ್ಲಿಯೇ ಅವರ ಹೆಸರಿನ ಹೆಣ್ಣುಮಕ್ಕಳ ಸೈನಿಕ ಶಾಲೆಯು ೧೯೬೯ರಿಂದ ನಡೆದುಬಂದಿದೆ.

ಈಗ ಆ ಚಿಕ್ಕ ಹುಡುಗಿಯ ಪ್ರಶ್ನೆಗೆ ಉತ್ತರವನ್ನು ಕೊಡುತ್ತೇನೆ. ತಂಗೀ, ರಾಣಿಯವರು ಸೋತದ್ದು ನಿಜ. ಅದನ್ನು ನಿನ್ನಿಂದ ಮರೆಮಾಡುವದಿಲ್ಲ. ಆದರೆ ಅನ್ಯಾಯವಾದಾಗ ಅವರು ಹಿರಿಯರೊಡನೆ ಕೂತು ವಿಚಾರ ಮಾಡಿದರು, ಬರೆದು ನ್ಯಾಯ ಕೇಳಿದರು, ನ್ಯಾಯ ಸಿಗದಿದ್ದಾಗ ಅಂಜಲಿಲ್ಲ, ಗೆದ್ದ ದಿನ ಸೆರೆಯಾಳುಗಳನ್ನು ಕೊಲ್ಲಲಿಲ್ಲ. ನಿನ್ನ ಊರಿನಲ್ಲಿಯೇ ಸೆರೆಯಲ್ಲಿದ್ದು, ನಿನ್ನ ಊರಿನಲ್ಲಿಯೇ ಮಲಗಿದರು. ಅವರು ಕಾಯಲು ನಿಂತದ್ದು ಯೋಗ್ಯವಾದದ್ದೆಂದು ಅವರ ಜನರು ಮರೆಯಲಿಲ್ಲ. ಆದುದರಿಂದ ಹಬ್ಬ ಮಾಡುತ್ತೇವೆ.

ಪಾಲಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ವಿಜ್ಞಾಪನೆ. ಮುಂದಿನ ಸಮ್ಮೇಳನದಲ್ಲಿ ನಿಮ್ಮ ಮಗಳು ರಾಣಿಯ ವೇಷವನ್ನು ಹಾಕಿದರೆ, ಅವಳ ಒಂದು ಕೈಯಲ್ಲಿ ರಟ್ಟಿನ ಖಡ್ಗವು ಇರಲಿ, ಬೇಡವೆನ್ನುವದಿಲ್ಲ. ಆದರೆ ಇನ್ನೊಂದು ಕೈಯಲ್ಲಿ ಚಾಪ್ಲಿನ್ ಸಾಹೇಬರಿಗೆ ಬರೆದ ಪತ್ರವೂ ಒಂದಿರಲಿ. ರಜೆಯಲ್ಲಿ ಅವಳನ್ನು ಬೈಲಹೊಂಗಲಕ್ಕೆ ಕರೆದುಕೊಂಡು ಹೋಗಿ ರಾಣಿಯವರ ಸಮಾಧಿಯನ್ನು ತೋರಿಸಿರಿ. ಅಲ್ಲಿ ಅವಳು ಏನಾದರೂ ಪ್ರಶ್ನೆ ಕೇಳಿದರೆ ನಾನು ಮಾಡಿದಂತೆ ಅವಸರದ ಉತ್ತರವನ್ನು ಕೊಡದೆ, ಈ ಕತೆಯನ್ನು ಮೊದಲಿನಿಂದ ಹೇಳಿರಿ.